ಡೆಕ್ ಬಿಚ್ಚಿದ ಮೇಲೆ ಕಂಡದ್ದು

ಫೈಬರ್ ದೋಣಿಗೆ ಕೊಳೆಯುವ ಭಯವಿಲ್ಲ ಎಂದು ನಮ್ಮ ಕಡೆ ಈಗಲೂ ಹೇಳುತ್ತಾರೆ. ಗಂಗೊಳ್ಳಿ, ಕೋಡಿ, ಮರವಂತೆಯ ಬದಿಯಲ್ಲಿ ಮರದ ದೋಣಿಗಳ ಕಾಲ ಮುಗಿಯುತ್ತ ಬಂದಾಗ ಜನ ಫೈಬರನ್ನು ಒಪ್ಪಿಕೊಂಡದ್ದೇ ಈ ಮಾತನ್ನು ನಂಬಿ. ಮರದ ದೋಣಿ ಇಟ್ಟುಕೊಳ್ಳುವುದು ಸುಲಭದ ಕೆಲಸವಾಗಿರಲಿಲ್ಲ. ಹೆಬ್ಬಲಸಿನ ಒಳ್ಳೆಯ ಹಲಗೆ ಸಿಕ್ಕರೂ ಬೆಲೆ ಕೈಗೆಟುಕುತ್ತಿರಲಿಲ್ಲ. ವರ್ಷವರ್ಷವೂ ದಡಕ್ಕೆ ಎಳೆದು, ಒಣಗಿಸಿ, ಗೇರೆಣ್ಣೆಯನ್ನೋ ಮೀನೆಣ್ಣೆಯನ್ನೋ ಬಳಿಯಬೇಕು. ಇಷ್ಟು ಮಾಡಿದರೂ ಉಪ್ಪುನೀರಿನ ಹುಳು ಮರವನ್ನು ಒಳಗೊಳಗೇ ಕೊರೆದುಬಿಡುತ್ತಿತ್ತು. ಗಾಜಿನ ನಾರನ್ನೂ ರೆಸಿನ್ನನ್ನೂ ಸೇರಿಸಿ ಮಾಡಿದ ದೋಣಿಗೆ ಈ ಯಾವ ಉಪಚಾರವೂ ಬೇಡ. ಹುಳು ಅದನ್ನು ಮುಟ್ಟುವುದಿಲ್ಲ. ಹಗುರ, ಆದ್ದರಿಂದ ಸಣ್ಣ ಎಂಜಿನ್ ಸಾಕು. ದಡಕ್ಕೆ ಎಳೆಯಲು ಊರಿನ ಜನರನ್ನೆಲ್ಲ ಕೂಗಬೇಕಾಗಿಲ್ಲ. 1940ರ ದಶಕದಲ್ಲಿ ಅಮೆರಿಕದಲ್ಲಿ ಮೊದಲಾದ ಈ ದೋಣಿ ಕಟ್ಟುವ ಕ್ರಮ ನಿಧಾನವಾಗಿ ನಮ್ಮ ಅಳಿವೆಗಳಿಗೂ ಬಂತು. 2004ರ ಸುನಾಮಿಯ ನಂತರ ತಮಿಳುನಾಡಿನ ತೀರದಲ್ಲಿ ಪರಿಹಾರವಾಗಿ ಹಂಚಿದ ದೋಣಿಗಳಲ್ಲೂ ಬಹಳಷ್ಟು ಫೈಬರಿನವೇ.

ಆದರೆ ಆ ಮಾತಿನಲ್ಲಿ ಅರ್ಧ ಮಾತ್ರ ನಿಜ. ಗಾಜಿನ ನಾರು ಕೊಳೆಯುವುದಿಲ್ಲ, ಸರಿ. ದೋಣಿ ಬರಿಯ ಗಾಜಿನ ನಾರಲ್ಲವಲ್ಲ. ನಾಲ್ಕಾರು ಮಿಲಿಮೀಟರ್ ದಪ್ಪದ ಫೈಬರ್ ಹಾಳೆಯನ್ನು ಡೆಕ್ಕಾಗಿ ಹಾಸಿದರೆ ಅದರ ಮೇಲೆ ನಿಂತವನ ಕಾಲ ಕೆಳಗೆ ಅದು ಕುಪ್ಪಳಿಸುತ್ತದೆ. ಗಟ್ಟಿ ಬರಬೇಕಾದರೆ ಎರಡು ಹಾಳೆಗಳ ನಡುವೆ ಏನಾದರೂ ಇಡಬೇಕು. ನಮ್ಮ ಕಡೆಯ ದೋಣಿಗಳಲ್ಲಿ ಹೆಚ್ಚಾಗಿ ಇಡುವುದು ಪ್ಲೈವುಡ್. ಡೆಕ್ಕನ್ನು ಹೊರುವ ತೊಲೆಗಳೂ ಎಷ್ಟೋ ಕಡೆ ಮರದವೇ, ಮೇಲೆ ಫೈಬರ್ ಸುತ್ತಿರುತ್ತಾರೆ ಅಷ್ಟೇ. ಎಂಜಿನ್ ತೂಗುವ ಹಿಂಬದಿಯ ಗೋಡೆಯೊಳಗೂ ಪ್ಲೈವುಡ್ ಇದೆ. ಮರ ಎಲ್ಲಿಗೂ ಹೋಗಿಲ್ಲ, ಕಣ್ಣಿಗೆ ಬೀಳದ ಜಾಗಕ್ಕೆ ಸರಿದಿದೆ. ನನಗೆ ಇದು ತಿಳಿದದ್ದು 2009ರ ಬೇಸಿಗೆಯಲ್ಲಿ, ನಮ್ಮದೇ ದೋಣಿಯ ಡೆಕ್ಕನ್ನು ಕತ್ತರಿಸಿ ಎತ್ತಿದಾಗ.

ಡಿಪ್ಲೊಮಾ ಪರೀಕ್ಷೆ ಮುಗಿಸಿ ನಾನು ಮನೆಗೆ ಬಂದಿದ್ದೆ. ಅಪ್ಪಯ್ಯ ಮತ್ತು ಚಿಕ್ಕಪ್ಪಯ್ಯ ಸೇರಿ ಕೊಂಡಿದ್ದ ಆ ದೋಣಿ ಸುಮಾರು ಮೂವತ್ತು ಅಡಿ ಉದ್ದದ್ದು. ಸೀಮೆಎಣ್ಣೆಯಲ್ಲಿ ಓಡುವ ಹೊರಗಟ್ಟಿನ ಎಂಜಿನ್. ಮುಂದೆ ಬಲೆ ಹಾಕುವ ಜಾಗ, ನಡುವೆ ಐಸಿನ ಪೆಟ್ಟಿಗೆ, ಅದರ ಸುತ್ತ ಸಮತಟ್ಟಾದ ಡೆಕ್. ಕೆಳಗಿನ ಖಾಲಿ ಜಾಗದಲ್ಲಿ, ಮಗುಚಿದರೂ ದೋಣಿ ಮುಳುಗದಿರಲಿ ಎಂದು ಫೋಮ್ ತುಂಬಿದ್ದರು. ಎರಡು ಮಳೆಗಾಲದಿಂದ ಕಲಾಸಿಗಳು ಒಂದೇ ದೂರು ಹೇಳುತ್ತಿದ್ದರು: ಐಸಿನ ಪೆಟ್ಟಿಗೆಯ ಪಕ್ಕ ಕಾಲಿಟ್ಟರೆ ಡೆಕ್ ಮೆತ್ತಗೆ ತಗ್ಗುತ್ತದೆ. ಅಪ್ಪಯ್ಯನ ಚಿಂತೆ ಬೇರೆ. ಮೀನು ಇಲ್ಲದೆ ಬರಿದಾಗಿ ಬರುವಾಗಲೂ ದೋಣಿಯ ಹಿಂಭಾಗ ನೀರಿನಲ್ಲಿ ತಗ್ಗಿರುತ್ತಿತ್ತು, ಅದೇ ದೂರಕ್ಕೆ ಸೀಮೆಎಣ್ಣೆ ಹೆಚ್ಚು ಕುಡಿಯುತ್ತಿತ್ತು. ದಡಕ್ಕೆ ಎಳೆದಿಟ್ಟು ಎಷ್ಟೋ ದಿನ ಕಳೆದ ಮೇಲೂ ಒಂದು ಬೋಲ್ಟಿನ ಬುಡದಿಂದ ಕಂದು ಬಣ್ಣದ ನೀರು ಜಿನುಗುತ್ತಿತ್ತು. ಒಣಗಿದ ದೋಣಿಯಿಂದ ನೀರು ಬರಬೇಕಾದರೆ ಅದು ಎಲ್ಲೋ ಒಳಗೆ ಮನೆ ಮಾಡಿರಲೇಬೇಕು.

ರಿಪೇರಿಗೆ ಕರೆದದ್ದು ಆಚಾರ್ರನ್ನು. ಅವರು ಮೊದಲು ಮರದ ದೋಣಿ ಕಟ್ಟುತ್ತಿದ್ದವರು. ಆ ಕೆಲಸ ಕಡಿಮೆಯಾದಾಗ ಕೇರಳಕ್ಕೆ ಹೋಗಿ ಫೈಬರ್ ಕೆಲಸ ಕಲಿತು ಬಂದಿದ್ದರು. ಎರಡೂ ಬಲ್ಲವರು ಆಗಲೇ ಅಪರೂಪ. ಅವರು ಬಂದ ದಿನ ಯಾವ ಯಂತ್ರವನ್ನೂ ತರಲಿಲ್ಲ. ಸಣ್ಣ ಸುತ್ತಿಗೆಯ ಹಿಡಿಯಿಂದ ಡೆಕ್ಕನ್ನು ಗೇಣು ಗೇಣಿಗೆ ತಟ್ಟುತ್ತ ಹೋದರು. ಮುಂಭಾಗದಲ್ಲಿ ಟಣ್ ಎಂಬ ಗಟ್ಟಿ ಸದ್ದು. ಐಸಿನ ಪೆಟ್ಟಿಗೆ ಹತ್ತಿರವಾಗುತ್ತಿದ್ದಂತೆ ಸದ್ದು ಕುಗ್ಗಿ ಡಬ್ ಡಬ್ ಎನ್ನತೊಡಗಿತು. ಸದ್ದು ಬದಲಾದಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಗುರುತುಗಳನ್ನು ಸೇರಿಸಿ ಗೆರೆ ಎಳೆದಾಗ ಡೆಕ್ಕಿನ ಅರ್ಧಕ್ಕಿಂತ ಹೆಚ್ಚು ಭಾಗ ಆ ಗೆರೆಯೊಳಗೆ ಬಂತು. ಕಾಲಿಗೆ ಮೆತ್ತಗೆ ಸಿಗುತ್ತಿದ್ದ ಜಾಗ ಅದರ ಒಂದು ಮೂಲೆ ಮಾತ್ರ. ಆಮೇಲೆ ಕೈಬೈರಿಗೆಯಿಂದ ಮೂರು ನಾಲ್ಕು ಕಡೆ ಸಣ್ಣ ತೂತು ಕೊರೆದು, ಹೊರಬಂದ ಮರದ ಪುಡಿಯನ್ನು ಅಂಗೈಯಲ್ಲಿ ಹಿಡಿದು ತೋರಿಸಿದರು. ಮುಂದಿನ ತೂತಿನದು ಬಿಳಿ, ಒಣ ಪುಡಿ. ಹಿಂದಿನದು ಕಪ್ಪು, ಬೆರಳಿಗೆ ಅಂಟುವ ಕೆಸರು.

"ಹೊರಗಿಂದ ಬಣ್ಣ ಕಂಡ್ಕಂಡ್ ಎಂತ ಮಾಡುದ್ ಹ್ವಾಯ್? ಒಳ್ಗ್ ಮರ ಸತ್ತಿತ್ತ್" ಎಂದರು.

ಆಗ ಬಂದರುಗಳಲ್ಲಿ ನಡೆಯುತ್ತಿದ್ದ ಸುಲಭದ ದಾರಿ ಒಂದಿತ್ತು: ಮೆತ್ತಗಾದ ಜಾಗದ ಮೇಲೆಯೇ ಇನ್ನೆರಡು ಪದರ ಗಾಜಿನ ನಾರಿನ ಮ್ಯಾಟ್ ಹಾಕಿ, ರೆಸಿನ್ ಬಳಿದು, ಬಣ್ಣ ಹೊಡೆಯುವುದು. ಎರಡು ದಿನದ ಕೆಲಸ, ಸ್ವಲ್ಪವೇ ಖರ್ಚು. ಚಿಕ್ಕಪ್ಪಯ್ಯ ಅದನ್ನೇ ಮಾಡೋಣ ಎಂದರು. ಅವರದು ತಪ್ಪೆಂದು ನಾನು ಹೇಳಲಾರೆ. ಮಳೆಗಾಲದ ಮೀನುಗಾರಿಕೆ ತಪ್ಪಿದರೆ ಮನೆಯ ಲೆಕ್ಕವೇ ತಪ್ಪುತ್ತಿತ್ತು. ಹೊರಗಿನವರಿಗೆ ಒಂದು ಮಾತು ಇಲ್ಲಿ ಹೇಳಬೇಕು. ದೊಡ್ಡ ಬೋಟುಗಳಿಗೆ ಮಳೆಗಾಲದಲ್ಲಿ ನಿಷೇಧ. ಈಗ ಅದು ಜೂನ್ 1ರಿಂದ ಜುಲೈ 31ರವರೆಗೆ ಇದೆ. ಆದರೆ 10 ಅಶ್ವಶಕ್ತಿಯವರೆಗಿನ ಎಂಜಿನ್ ಇಟ್ಟುಕೊಂಡ ನಾಡದೋಣಿಗಳು ಆ ಹೊತ್ತಿನಲ್ಲೂ ಹೋಗಬಹುದು. ದೊಡ್ಡ ಬೋಟಿನವರು ರಿಪೇರಿಗೆ ಕೂರುವ ಕಾಲವೇ ನಮ್ಮಂಥವರಿಗೆ ದುಡಿಯುವ ಕಾಲ. ಹಾಗಾಗಿ ನಮ್ಮ ರಿಪೇರಿ ಎಲ್ಲ ಮೇ ತಿಂಗಳಲ್ಲೇ ಮುಗಿಯಬೇಕು.

ಆಚಾರ್ರು ಮೇಲೆ ಪದರ ಹಾಕುವುದಕ್ಕೆ ಒಪ್ಪಲಿಲ್ಲ. ಕೊಳೆತ ಮರದ ಮೇಲೆ ಹೊಸ ಪದರ ಹಾಕಿದರೆ ದೋಣಿಯ ತೂಕ ಹೆಚ್ಚುತ್ತದೆ, ಶಕ್ತಿ ಹೆಚ್ಚುವುದಿಲ್ಲ. ಒಳಗಿನ ನೀರಿಗೆ ಹೊರಬರುವ ದಾರಿಯೂ ಮುಚ್ಚಿಹೋಗುತ್ತದೆ ಎಂಬುದು ಅವರ ವಾದ. "ತೆಗ್ದ್ ಕಾಣ್ದೆ ಎಂತದೂ ಹೇಳುಕಾತಿಲ್ಲ" ಎಂದು ಅಂಗಳದಲ್ಲಿ ಕೂತೇಬಿಟ್ಟರು. ಅಪ್ಪಯ್ಯ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಕೇಳಿದ್ದು ಒಂದೇ: "ಮಳಿ ಬಪ್ಪುಕ್ ಮುಂಚೆ ಆತ್ತಾ ಆಚಾರ್ರೆ?"

"ಆತ್ತ್. ನೀವ್ ಅವಸರ ಮಾಡ್ದಿರೆ ಆತ್ತ್."

ಡೆಕ್ ಕತ್ತರಿಸುವುದೆಂದರೆ ಕಟ್ಟಿಂಗ್ ಮಿಷನ್ ಹಿಡಿದು ಶುರುಮಾಡುವುದು ಎಂದು ನಾನು ತಿಳಿದಿದ್ದೆ. ಆಚಾರ್ರು ಮಿಷನ್ ಮುಟ್ಟುವ ಮೊದಲು ಮಾಡಿಸಿದ ಕೆಲಸವೇ ಹೆಚ್ಚು. ಮೊದಲು ಎಂಜಿನ್, ಸೀಮೆಎಣ್ಣೆ ಡಬ್ಬಿ, ಪೈಪು ಎಲ್ಲ ಇಳಿಸಿ, ದೋಣಿಯ ತಳವನ್ನು ಸೋಪಿನ ನೀರಿನಿಂದ ತೊಳೆಸಿದರು. ಮಿಷನ್ನಿನ ಬಿಸಿಗೆ, ಬೋಲ್ಟಿಗೆ ತಾಗಿದಾಗ ಹಾರುವ ಕಿಡಿಗೆ, ಉಳಿದ ಆವಿ ಹತ್ತಿಕೊಂಡರೆ ಮುಗಿಯಿತು. ಆಮೇಲೆ ದೋಣಿಯನ್ನು ಮಟ್ಟವಾಗಿ ಕೂರಿಸುವುದು. ಕೀಲಿನ ಕೆಳಗೆ ಮರದ ದಿಮ್ಮಿಗಳು, ಎರಡೂ ಪಕ್ಕಗಳಿಗೆ ಮರಳು ತುಂಬಿದ ಚೀಲಗಳು, ಎಲ್ಲಿಯೂ ಒಂದೇ ಬಿಂದುವಿನ ಮೇಲೆ ಭಾರ ಬೀಳದ ಹಾಗೆ. ಮುಂದಿನ ತುದಿಯಿಂದ ಹಿಂದಿನ ಗೋಡೆಯ ನಡುವಿಗೆ ದಾರ ಕಟ್ಟಿ, ಆ ದಾರದಿಂದ ಎರಡೂ ಅಂಚುಗಳಿಗೆ ಎಷ್ಟು ಇಂಚು ಎಂದು ಅಡಿಗೊಮ್ಮೆ ಅಳೆಸಿದರು. ಅಳತೆಗಳನ್ನು ನಾನು ಶೆಡ್ಡಿನ ಗೋಡೆಯ ಮೇಲೆ ಇದ್ದಿಲಿನಲ್ಲಿ ಬರೆದೆ.

ಅದಾದ ಮೇಲೆ ಅಂಚಿನಿಂದ ಅಂಚಿಗೆ ಅಡಿಕೆ ಮರದ ದಬ್ಬೆಗಳನ್ನಲ್ಲ, ಒಳ್ಳೆಯ ಗಟ್ಟಿ ರೀಪುಗಳನ್ನು ಅಡ್ಡಲಾಗಿ ಬಿಗಿಸಿದರು. ಇದು ಏಕೆಂದು ಕೇಳಿದೆ. ಡೆಕ್ ಬರಿಯ ನಿಲ್ಲುವ ಜಾಗವಲ್ಲ, ದೋಣಿಯ ಎರಡು ಪಕ್ಕಗಳನ್ನು ಹಿಡಿದಿಟ್ಟಿರುವುದೇ ಅದು ಎಂದರು. ಡೆಕ್ ತೆಗೆದ ದೋಣಿ ಮುಚ್ಚಳ ಕಿತ್ತ ರಟ್ಟಿನ ಡಬ್ಬಿಯ ಹಾಗೆ ಬಾಯಿ ಅಗಲಿಸುತ್ತದೆ. ಬಿಸಿಲಿಗೆ ಒಂದು ದಿನ ಹಾಗೇ ಬಿಟ್ಟರೆ ಪಕ್ಕಗಳು ಇಂಚು ಎರಡಿಂಚು ಸರಿಯುತ್ತವೆ. ಆ ಸರಿದ ಆಕಾರಕ್ಕೇ ಹೊಸ ಡೆಕ್ ಕೂರಿಸಿದರೆ ದೋಣಿ ಜೀವಮಾನವಿಡೀ ಒಂದು ಬದಿಗೆ ಎಳೆಯುತ್ತದೆ. ಇದನ್ನು ಕಾಲೇಜಿನಲ್ಲಿ ತೊಲೆಗಳ ಲೆಕ್ಕವಾಗಿ ನಾನು ಓದಿದ್ದೆ. ಎರಡು ತೆಳು ಹಾಳೆಗಳನ್ನು ದೂರ ದೂರ ಇಟ್ಟರೆ ಬಾಗುವ ಶಕ್ತಿಗೆ ಎಷ್ಟು ತಡೆ ಬರುತ್ತದೆ ಎಂಬ ಸೂತ್ರ ಬಾಯಿಪಾಠವಾಗಿತ್ತು. ಸೂತ್ರಕ್ಕೆ ಮೈ ಬಂದದ್ದು ಆ ರೀಪುಗಳನ್ನು ಬಿಗಿಸುವಾಗ.

ಕತ್ತರಿಸುವ ಗೆರೆಯನ್ನು ಅಂಚಿಗೆ ಒತ್ತಿ ಎಳೆಯಲಿಲ್ಲ. ಸುತ್ತಲೂ ಎರಡು ಇಂಚಿನಷ್ಟು ಹಳೆಯ ಡೆಕ್ಕನ್ನು ತುಟಿಯಾಗಿ ಉಳಿಸಿದರು. ಹಿಂದಿರುಗಿ ಕೂರಿಸುವಾಗ ಹಿಡಿತಕ್ಕೆ ಅದೇ ಆಧಾರ. ಮಿಷನ್ನಿನ ಚಕ್ರ ಎಷ್ಟು ಆಳ ಇಳಿಯಬೇಕೆಂದು ಮೊದಲೇ ಕೊರೆದ ತೂತಿನಲ್ಲಿ ಕಡ್ಡಿ ಇಟ್ಟು ನೋಡಿ, ಚಕ್ರದ ಪಕ್ಕ ಮರದ ತುಂಡು ಕಟ್ಟಿ ಆಳವನ್ನು ಅಷ್ಟಕ್ಕೇ ನಿಲ್ಲಿಸಿದರು. ಡೆಕ್ ಸೀಳಬೇಕು, ಕೆಳಗಿನ ತೊಲೆಗೆ ತಾಗಬಾರದು. ತುಂಡು ತುಂಡಾಗಿ ಕತ್ತರಿಸಿದರೆ ಕೆಲಸ ಬೇಗ ಆಗುತ್ತಿತ್ತು. ಅವರು ಮೂರೇ ದೊಡ್ಡ ಭಾಗ ಮಾಡಿದರು, ಪ್ರತಿ ಭಾಗಕ್ಕೂ ಅಂಕಿ ಮತ್ತು ಮುಂದಿನ ದಿಕ್ಕಿಗೆ ಬಾಣದ ಗುರುತು ಹಾಕಿದರು. ಮೇಲಿನ ಫೈಬರ್ ಹಾಳೆಗೆ ಏನೂ ಆಗಿರಲಿಲ್ಲವಲ್ಲ. ಅದನ್ನು ಉಳಿಸಿಕೊಂಡರೆ ಹೊಸ ಡೆಕ್ಕಿನ ಇಳಿಜಾರು, ಐಸಿನ ಪೆಟ್ಟಿಗೆಯ ಬಾಯಿ, ಎಲ್ಲ ಹಾಗೇ ಸಿಗುತ್ತದೆ.

ಮಿಷನ್ ಹೊರಟ ಮೇಲೆ ಮಾತು ನಿಂತಿತು. ಗಾಜಿನ ಧೂಳು ಬಿಳಿಯ ಮಂಜಾಗಿ ಶೆಡ್ಡನ್ನು ತುಂಬಿತು. ಮೈಗೆ ತೆಂಗಿನೆಣ್ಣೆ ಬಳಿದು, ಉದ್ದ ತೋಳಿನ ಅಂಗಿ ಹಾಕಿ, ಮುಖಕ್ಕೆ ಬೈರಾಸ ಸುತ್ತಿಕೊಂಡಿದ್ದೆವು. ಬೈರಾಸದ ನೂಲಿನ ಸಂದಿಯಲ್ಲಿ ಹಾಯುವಷ್ಟು ಸಣ್ಣ ಧೂಳು ಅದು. ರಾತ್ರಿ ಕುತ್ತಿಗೆ, ಮೊಣಕೈ, ಸೊಂಟದ ಸುತ್ತ ಸಾವಿರ ಸೂಜಿ ಚುಚ್ಚಿದಂಥ ತುರಿಕೆ. ಮೊದಲು ತಣ್ಣೀರು ಹೊಯ್ದುಕೊಳ್ಳಬೇಕು, ಉಜ್ಜಬಾರದು, ಬಿಸಿನೀರು ಆಮೇಲೆ ಎಂದು ಆಚಾರ್ರು ಹೇಳಿಕೊಟ್ಟರು. ಅಮ್ಮ ನಮ್ಮ ಬಟ್ಟೆಗಳನ್ನು ಬೇರೆಯಾಗಿ ತೊಳೆದು, ಬೇರೆ ಹಗ್ಗದ ಮೇಲೆ ಒಣಗಿಸುತ್ತಿದ್ದರು.

ಮುಂದಿನ ಭಾಗ ಎತ್ತುವುದು ಕಷ್ಟವಾಯಿತು. ಅಲ್ಲಿ ಮರ ಚೆನ್ನಾಗಿತ್ತು, ತೊಲೆಗೆ ಕಚ್ಚಿಕೊಂಡಿದ್ದನ್ನು ಉಳಿ ಹೊಡೆದು ಬಿಡಿಸಬೇಕಾಯಿತು. ಹಿಂದಿನ ಎರಡು ಭಾಗಗಳು ಹಾರೆಯ ತುದಿ ತಾಗಿಸಿದ ಕೂಡಲೇ ಎದ್ದವು. ಎದ್ದಾಗ ಬಂದ ವಾಸನೆಗೆ ಎಲ್ಲರೂ ಹಿಂದೆ ಸರಿದೆವು. ಹಳೆಯ ಮೀನಿನ ನೀರು, ಕೊಳೆತ ಮರ, ಸೀಮೆಎಣ್ಣೆ, ಮೂರೂ ಸೇರಿದ ವಾಸನೆ. ಡೆಕ್ಕಿನ ಅಡಿಯ ಪ್ಲೈವುಡ್ಡನ್ನು ಕೈಯಲ್ಲೇ ಹಿಡಿಹಿಡಿಯಾಗಿ ತೆಗೆಯಬಹುದಿತ್ತು. ಹದ ತಪ್ಪಿದ ಆ ಮರದ ಪದರುಗಳ ನಡುವೆ ಬೂತಾಯಿಯ ಪರೆಗಳು ಹೊಳೆಯುತ್ತಿದ್ದವು. ಮೇಲೆ ಅಷ್ಟು ಗಟ್ಟಿಯಾಗಿ ಕಾಣುತ್ತಿದ್ದ ಡೆಕ್ಕಿನೊಳಗೆ ಮೀನಿನ ಪರೆ ಹೋಗುವಷ್ಟು ದಾರಿ ಇತ್ತು ಎಂಬುದನ್ನು ನಂಬಲು ನನಗೆ ಸಮಯ ಹಿಡಿಯಿತು.

ಫೋಮಿನ ಗತಿ ಇನ್ನೂ ಕೆಟ್ಟದ್ದು. ಹಗುರವಿರಬೇಕಾದ ಆ ಹಳದಿ ಗಟ್ಟಿಗಳನ್ನು ಇಬ್ಬರು ಹಿಡಿದು ಎತ್ತಬೇಕಾಯಿತು. ಒಂದು ತುಂಡನ್ನು ಅಪ್ಪಯ್ಯ ಕಾಲಿನಿಂದ ಒತ್ತಿದಾಗ ನೀರು ಧಾರೆಯಾಗಿ ಹರಿಯಿತು. ಫೋಮಿನ ಕಣಗಳು ಮುಚ್ಚಿರುತ್ತವೆ, ನೀರು ಹೀರುವುದಿಲ್ಲ ಎಂದು ಮಾರುವವರು ಹೇಳುತ್ತಾರೆ. ಹೊಸದಿದ್ದಾಗ ಅದು ನಿಜವೂ ಹೌದು. ವರ್ಷಗಟ್ಟಲೆ ನೀರಿನಲ್ಲಿ ನೆನೆದು, ಅಲೆಯ ಏಟಿಗೆ ದೋಣಿ ಬಾಗುತ್ತ ಏಳುತ್ತ ಇದ್ದರೆ ಆ ಗೋಡೆಗಳು ಒಡೆಯುತ್ತವೆ. ಒಂದು ಘನ ಅಡಿ ಸಮುದ್ರದ ನೀರು ಸುಮಾರು 29 ಕಿಲೋ ತೂಗುತ್ತದೆ. ನಾವು ಹೊರಹಾಕಿದ ಫೋಮಿನ ರಾಶಿ ನೋಡಿ ಅಪ್ಪಯ್ಯ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದುದು ಮುಖದಲ್ಲಿ ಕಾಣುತ್ತಿತ್ತು: ಎರಡು ವರ್ಷ ಆ ನೀರನ್ನು ಹೊತ್ತು ತಿರುಗಿಸಲು ಸುಟ್ಟ ಸೀಮೆಎಣ್ಣೆ ಎಷ್ಟು! ಮುಳುಗದಿರಲೆಂದು ತುಂಬಿದ ವಸ್ತುವೇ ದೋಣಿಯನ್ನು ಕೆಳಗೆ ಎಳೆಯುತ್ತಿತ್ತು. ನಡುಗಡಲಿನಲ್ಲಿ ಅಂಥ ದೋಣಿ ಮಗುಚಿದ್ದರೆ ಹಿಡಿದುಕೊಳ್ಳಲು ಏನು ಉಳಿಯುತ್ತಿತ್ತು ಎಂದು ಯೋಚಿಸಿದರೆ ಈಗಲೂ ಮೈ ಜುಂ ಎನ್ನುತ್ತದೆ.

ನೀರು ಬಂದದ್ದು ಎಲ್ಲಿಂದ? ಆಚಾರ್ರು ಡೆಕ್ಕಿನ ಭಾಗಗಳನ್ನು ಮಗುಚಿ ಹಾಕಿ, ಕಪ್ಪು ಕಲೆ ಎಲ್ಲಿ ದಟ್ಟವಾಗಿದೆ ಎಂದು ಹುಡುಕುತ್ತ ಹೋದರು. ಕಲೆಯ ಮೂಲದಲ್ಲಿ ನಾಲ್ಕು ಬೋಲ್ಟಿನ ತೂತುಗಳು ಸಿಕ್ಕವು. ದೋಣಿ ಕೊಂಡ ಮೇಲೆ ಬಲೆ ಎಳೆಯುವ ರಾಟೆಗೆಂದು ಒಂದು ಕಬ್ಬಿಣದ ಕಂಬ ನಿಲ್ಲಿಸಿದ್ದರು. ಅದನ್ನು ಜೋಡಿಸಿದವರು ಡೆಕ್ಕಿನಲ್ಲಿ ತೂತು ಕೊರೆದು ಬೋಲ್ಟ್ ಬಿಗಿದು ಹೋಗಿದ್ದರು, ಅಷ್ಟೇ. ತೂತು ಕೊರೆದಾಗ ಪ್ಲೈವುಡ್ಡಿನ ಪದರುಗಳ ಬಾಯಿ ತೆರೆಯುತ್ತದೆ. ಮೇಲಿನಿಂದ ಬೋಲ್ಟಿನ ತಲೆ ಎಷ್ಟೇ ಬಿಗಿಯಿರಲಿ, ಕಂಬ ಪ್ರತಿ ಸಲ ಎಳೆದಾಗಲೂ ಕೂದಲೆಳೆಯಷ್ಟು ಅಲುಗುತ್ತದೆ, ಆ ಅಲುಗಿಗೆ ಒಂದು ಹನಿ ಇಳಿಯುತ್ತದೆ. ಇಳಿದದ್ದು ಮರದ ನಾರಿನುದ್ದಕ್ಕೂ ಹರಿಯುತ್ತದೆ, ಎರಡು ಫೈಬರ್ ಹಾಳೆಗಳ ನಡುವೆ ಸಿಕ್ಕಿಕೊಂಡದ್ದಕ್ಕೆ ಒಣಗುವ ಅವಕಾಶವೇ ಇಲ್ಲ. ತಳದ ತೊಲೆಗಳಲ್ಲಿ ನೀರು ಹಿಂದಕ್ಕೆ ಹರಿದುಹೋಗಲು ಬಿಟ್ಟಿದ್ದ ಸಣ್ಣ ಕಂಡಿಗಳೂ ಕಟ್ಟುವಾಗಲೇ ರೆಸಿನ್ ತುಂಬಿ ಮುಚ್ಚಿಹೋಗಿದ್ದವು. ಮರದ ದೋಣಿಗೆ ಇಂಥ ತೂತು ಬಿದ್ದಿದ್ದರೆ ಮರ ಉಬ್ಬುತ್ತಿತ್ತು, ಬಣ್ಣ ಏಳುತ್ತಿತ್ತು, ಮರುವರ್ಷವೇ ಕಾಣುತ್ತಿತ್ತು. ಫೈಬರ್ ದೋಣಿ ಕೊನೆಯವರೆಗೂ ಮುಖದಲ್ಲಿ ಏನನ್ನೂ ತೋರಿಸುವುದಿಲ್ಲ.

ಬಿಚ್ಚಿದ ಮೇಲೆ ಒಣಗಿಸುವುದು. ಉಪ್ಪು ಉಳಿದರೆ ಅದು ಗಾಳಿಯ ತೇವವನ್ನೆಲ್ಲ ಎಳೆದುಕೊಳ್ಳುತ್ತದೆ, ಆದ್ದರಿಂದ ಬಾವಿಯ ಸಿಹಿನೀರಿನಿಂದ ಒಳಮೈಯನ್ನು ಮತ್ತೆ ಮತ್ತೆ ತೊಳೆದು, ಹಗಲೆಲ್ಲ ಬಿಸಿಲಿಗೆ ಬಿಟ್ಟು, ಸಂಜೆ ಇಬ್ಬನಿ ಬೀಳುವ ಮೊದಲು ಟರ್ಪಾಲು ಹೊದಿಸುತ್ತಿದ್ದೆವು. ಮೇ ತಿಂಗಳ ಕೊನೆಗೆ ಒಂದು ರಾತ್ರಿ ಗಾಳಿಮಳೆ ಬಂದೇಬಂತು. ಮನೆಯವರೆಲ್ಲ ಎದ್ದು ಟರ್ಪಾಲಿನ ನಾಲ್ಕು ಮೂಲೆ ಹಿಡಿದು ನಿಂತೆವು. ಚಿಕ್ಕಪ್ಪಯ್ಯನೂ ಇದ್ದರು, ಮೇಲೆ ಪದರ ಹಾಕುವ ಮಾತನ್ನು ಅವರು ಮತ್ತೆ ಎತ್ತಲಿಲ್ಲ.

ಈ ಕೆಲಸದಲ್ಲಿ ಹೊಸ ಫೈಬರ್ ಹಳೆಯದಕ್ಕೆ ತಾನಾಗಿ ಬೆಸೆದುಕೊಳ್ಳುವುದಿಲ್ಲ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ದೋಣಿ ಕಟ್ಟುವಾಗ ಪದರದ ಮೇಲೆ ಪದರ ಹಸಿಯಿರುವಾಗಲೇ ಬೀಳುತ್ತದೆ, ಎಲ್ಲ ಸೇರಿ ಒಂದೇ ಮೈಯಾಗುತ್ತದೆ. ವರ್ಷಗಳ ಹಿಂದೆ ಗಟ್ಟಿಯಾದ ರೆಸಿನ್ನಿನ ಮೇಲೆ ಹೊಸದು ಅಂಟಿ ಕೂರುವುದು ಮಾತ್ರ. ಆ ಅಂಟು ನಿಲ್ಲಬೇಕಾದರೆ ಹಳೆಯ ಮೇಲ್ಮೈಯನ್ನು ಗಾಜಿನ ನಾರು ಕಾಣುವವರೆಗೆ ಒರಟಾಗಿ ತೇಯಬೇಕು, ಧೂಳು ತೆಗೆಯಬೇಕು, ಅಸಿಟೋನ್ ಬಟ್ಟೆಯಲ್ಲಿ ಒರೆಸಬೇಕು, ಒರೆಸಿದ ಮೇಲೆ ಬೆವರಿನ ಕೈ ತಾಗಿಸಬಾರದು. ಜೋಡಣೆಯ ಅಂಚನ್ನು ನೇರವಾಗಿ ಬಿಡದೆ, ದಪ್ಪದ ಹನ್ನೆರಡರಷ್ಟು ಅಗಲಕ್ಕೆ ಇಳಿಜಾರಾಗಿ ತೇಯಬೇಕು: 5 ಮಿಲಿಮೀಟರ್ ದಪ್ಪಕ್ಕೆ 60 ಮಿಲಿಮೀಟರ್ ಇಳಿಜಾರು. ಹರಡಿದಷ್ಟೂ ಭಾರ ಹಂಚಿಹೋಗುತ್ತದೆ. ಆಚಾರ್ರು ಲೆಕ್ಕದ ಹೆಸರು ಹೇಳದೆ ತಮ್ಮ ನಾಲ್ಕು ಬೆರಳಿನ ಅಗಲವನ್ನೇ ಅಳತೆಯಾಗಿ ಇಟ್ಟುಕೊಂಡಿದ್ದರು. ನಾನು ಅಳೆದು ನೋಡಿದಾಗ ಎಲ್ಲೂ ಕಡಿಮೆ ಬೀಳಲಿಲ್ಲ.

ರೆಸಿನ್ ಕಲಸುವ ಹೊತ್ತು ಅವರು ಯಾರಿಗೂ ಹರಟೆ ಹೊಡೆಯಲು ಬಿಡುತ್ತಿರಲಿಲ್ಲ. ರೆಸಿನ್ನಿಗೆ ಎರಡು ದ್ರವ ಸೇರುತ್ತವೆ. ಒಂದು ಕೋಬಾಲ್ಟ್, ಗಾಢ ನೇರಳೆ ಬಣ್ಣದ್ದು. ಇನ್ನೊಂದು ನೀರಿನ ಹಾಗೆ ಕಾಣುವ ಹಾರ್ಡನರ್, ಅದೊಂದು ಪೆರಾಕ್ಸೈಡ್. ರೆಸಿನ್ನಿಗೆ ಮೊದಲು ಒಂದನ್ನು ಹಾಕಿ ಚೆನ್ನಾಗಿ ಕಲಸಿದ ಮೇಲೆಯೇ ಇನ್ನೊಂದು. ಅವೆರಡೂ ನೇರವಾಗಿ ಒಂದಕ್ಕೊಂದು ತಾಗಿದರೆ ಬೆಂಕಿ ಏಳಬಹುದು, ಸಿಡಿಯಬಹುದು. ಹಾರ್ಡನರ್ ಒಂದು ಹನಿ ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. "ಮಾಣಿ, ಬಣ್ಣದ್ದ್ ಈ ಬದಿಗೆ, ನೀರಿನಂಗಿದ್ದದ್ ಆ ಬದಿಗೆ. ಎರಡನ್ನೂ ಒಂದೇ ಕೈಯಗೆ ಹಿಡುಕಾಗ" ಎಂದು ದಿನವೂ ಹೇಳುತ್ತಿದ್ದರು, ನಿನ್ನೆ ಹೇಳಿದ್ದು ನೆನಪಿದ್ದರೂ ಹೇಳುತ್ತಿದ್ದರು. ಹಾರ್ಡನರ್ ಕಿಲೋಗೆ ಹತ್ತರಿಂದ ಇಪ್ಪತ್ತು ಮಿಲಿಲೀಟರ್, ಹೆಚ್ಚಲ್ಲ. ನಮ್ಮ ಮೇ ತಿಂಗಳ ಮಧ್ಯಾಹ್ನದಲ್ಲಿ ಅಷ್ಟೂ ಹೆಚ್ಚು. ಡಬ್ಬಿಯಲ್ಲೇ ರೆಸಿನ್ ಬಿಸಿಯೇರಿ, ಹೊಗೆಯಾಡಿ, ಕಲ್ಲಾಗಿಬಿಡುತ್ತದೆ. ಹಾಗಾಗಿ ಪದರ ಹಾಕುವುದು ಬೆಳಗ್ಗೆ ಇಬ್ಬನಿ ಆರಿದ ಮೇಲೆ ಬಿಸಿಲೇರುವ ತನಕ, ಮತ್ತೆ ಸಂಜೆ ನಾಲ್ಕರ ನಂತರ. ನಡುವಿನ ಹೊತ್ತು ಮ್ಯಾಟ್ ಕತ್ತರಿಸಿ ಜೋಡಿಸಿಡುವುದು.

ತೊಲೆಗಳಲ್ಲಿ ಕೊಳೆತ ಭಾಗ ತೆಗೆದು ಹೊಸ ಮರ ಕೂರಿಸಿದರು, ನೀರು ಹರಿಯುವ ಕಂಡಿಗಳನ್ನು ದೊಡ್ಡದು ಮಾಡಿ ಅವುಗಳ ಒಳಮೈಗೂ ರೆಸಿನ್ ಬಳಿದರು. ಡೆಕ್ಕಿನ ಭಾಗಗಳನ್ನು ಬೋರಲು ಹಾಕಿ, ಹಳೆಯ ಮರವನ್ನು ಕೆರೆದು, ಐಎಸ್ 710 ಮುದ್ರೆಯಿದ್ದ ಮೆರೈನ್ ಪ್ಲೈಯನ್ನು ಸಣ್ಣ ಚೌಕಗಳಾಗಿ ಅಂಟಿಸಿದರು. ಇಡೀ ಹಲಗೆ ಹಾಕದೆ ಚೌಕಗಳಾಗಿ ಹಾಕಿದ್ದಕ್ಕೆ ಕಾರಣವಿದೆ: ಚೌಕಗಳ ನಡುವಿನ ಸಂದಿ ರೆಸಿನ್ ಪುಟ್ಟಿಯಿಂದ ತುಂಬಿರುತ್ತದೆ, ಮುಂದೆ ಎಲ್ಲಾದರೂ ನೀರು ಇಳಿದರೂ ಆ ಒಂದು ಚೌಕದಲ್ಲೇ ನಿಲ್ಲುತ್ತದೆ. ಮೇಲೆ ಮರಳಿನ ಚೀಲ ಹೇರಿ ರಾತ್ರಿ ಬಿಟ್ಟರು. ಬೋಲ್ಟ್ ಬರುವ ಜಾಗದಲ್ಲಿ ಪ್ಲೈಯನ್ನೇ ತೆಗೆದು ಗಟ್ಟಿ ಫೈಬರ್ ತುಂಬಿದರು. ಹೊಸ ಫೋಮನ್ನು ಹೊಯ್ದು ತುಂಬದೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಗಟ್ಟಿಗಳಾಗಿ ಇಟ್ಟರು. ಡೆಕ್ಕಿಗೆ ಎರಡು ಕಡೆ ಕೈ ಹೋಗುವಷ್ಟು ಅಗಲದ, ತಿರುಗಿಸಿ ಮುಚ್ಚುವ ಬಾಯಿ ಇಟ್ಟರು. ಅದರಲ್ಲಿ ಕೈಹಾಕಿ ಕೆಳಗೆ ನೀರಿದೆಯೇ ಎಂದು ಯಾವಾಗ ಬೇಕಾದರೂ ನೋಡಬಹುದು. ಇಡೀ ರಿಪೇರಿಯಲ್ಲಿ ನನಗೆ ಹೆಚ್ಚು ಬುದ್ಧಿವಂತಿಕೆಯದು ಎನಿಸಿದ್ದು ಅದೇ.

ಡೆಕ್ ಹಿಂದಿರುಗಿ ಕೂತ ದಿನ ಗೋಡೆಯ ಮೇಲಿನ ಇದ್ದಿಲ ಅಳತೆಗಳ ಜೊತೆ ಮತ್ತೆ ಅಳೆದೆವು. ಎರಡು ಸೂತು ಬಿಟ್ಟರೆ ವ್ಯತ್ಯಾಸವಿರಲಿಲ್ಲ. ರೀಪುಗಳನ್ನು ಬಿಚ್ಚಿದರು. ಜೋಡಣೆಯ ಮೇಲೆ ಮ್ಯಾಟಿನ ಪದರಗಳು, ಅದರ ಮೇಲೆ ಜೆಲ್ ಕೋಟ್. ಹೊಸ ಬಣ್ಣ ಹಳೆಯದಕ್ಕೆ ಹೊಂದಲಿಲ್ಲ, ಗೆರೆ ಎದ್ದು ಕಾಣುತ್ತಿತ್ತು. ಅಪ್ಪಯ್ಯ ಅದನ್ನು ಹಾಗೇ ಬಿಡಿ ಎಂದರು. ಮಳೆ ಹಿಡಿದು, ಕಡಲು ಒಂದು ಹದಕ್ಕೆ ಬಂದ ಮೇಲೆ ಕಾಯಿ ಒಡೆದು ದೋಣಿ ಇಳಿಸಿದೆವು. ಹಿಂಭಾಗದಲ್ಲಿ ಹಿಂದೆ ನೀರಿನ ಪಾಚಿ ಕಟ್ಟಿದ್ದ ಗೆರೆ ಈಗ ನೀರಿನಿಂದ ಒಂದು ಗೇಣು ಮೇಲಿತ್ತು.

ಆ ದೋಣಿಯಲ್ಲಿ ನಮ್ಮ ಮನೆ ಇನ್ನೂ ಎಷ್ಟೋ ಮಳೆಗಾಲ ದುಡಿಯಿತು. ಅಪ್ಪಯ್ಯನಿಗೆ ಕಡಲಿಗೆ ಹೋಗಲಾಗದೆ ಹೋದಾಗ ಭಟ್ಕಳದ ಕಡೆಯವರೊಬ್ಬರಿಗೆ ಕೊಟ್ಟೆವು. ಕೊಳ್ಳಲು ಬಂದವರು ಡೆಕ್ಕನ್ನು ತಟ್ಟಿ ನೋಡಿದರು, ಎಲ್ಲ ಕಡೆ ಒಂದೇ ಸದ್ದು. ಆಚಾರ್ರು ಅಷ್ಟರಲ್ಲಿ ತೀರಿಕೊಂಡಿದ್ದರು. ಕೊನೆಯ ವರ್ಷಗಳಲ್ಲಿ ಅವರಿಗೆ ಬಿಡದ ಕೆಮ್ಮು. ಅದು ಗಾಜಿನ ಧೂಳಿನಿಂದಲೇ ಬಂತೆಂದು ಯಾವ ವೈದ್ಯರೂ ಬರೆದುಕೊಡಲಿಲ್ಲ, ನಾನೂ ಹಾಗೆಂದು ಹೇಳಲಾರೆ. ಜೀವಮಾನದ ಅರ್ಧವನ್ನು ಅವರು ಆ ಧೂಳಿನಲ್ಲಿ ಬೈರಾಸ ಸುತ್ತಿಕೊಂಡೇ ಕಳೆದರು ಎಂಬುದನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ.

ಈಗ ಊರಿಗೆ ಹೋದಾಗ ಅಳಿವೆಯ ಬದಿಯಲ್ಲಿ ಬಿಟ್ಟುಹೋದ ಫೈಬರ್ ದೋಣಿಗಳನ್ನು ನೋಡುತ್ತೇನೆ. ಮರದ ದೋಣಿ ಹಳತಾದರೆ ಒಲೆಗೆ ಸೌದೆಯಾದರೂ ಆಗುತ್ತಿತ್ತು, ಮಣ್ಣಾದರೂ ಆಗುತ್ತಿತ್ತು. ಇವು ಎರಡೂ ಆಗುವುದಿಲ್ಲ, ಸುಟ್ಟರೆ ಕಪ್ಪು ವಿಷದ ಹೊಗೆ. ಅವುಗಳಲ್ಲಿ ಕೆಲವನ್ನು ನಾನು ತಟ್ಟಿ ನೋಡಿದ್ದೇನೆ. ಮೈಯ ಫೈಬರ್ ಗಟ್ಟಿಯಾಗಿದೆ, ಸತ್ತಿರುವುದು ಡೆಕ್ಕಿನೊಳಗಿನ ಮರ. ಬಿಚ್ಚಿ ನೋಡುವ ಮನಸ್ಸೂ, ಬಿಚ್ಚಬಲ್ಲ ಕೈಯೂ ಇದ್ದಿದ್ದರೆ ಅವು ಇನ್ನೂ ಕಡಲಿನಲ್ಲಿರುತ್ತಿದ್ದವು.

ದೋಣಿ ಇಟ್ಟುಕೊಂಡವರಲ್ಲಿ ನನ್ನ ಕೋರಿಕೆ ಇಷ್ಟೇ. ಡೆಕ್ಕಿಗೆ ಹೊಸ ಬೋಲ್ಟ್ ಹಾಕುವಾಗ ತೂತನ್ನು ಬೇಕಾದದ್ದಕ್ಕಿಂತ ದೊಡ್ಡದಾಗಿ ಕೊರೆಯಿರಿ, ರೆಸಿನ್ ಪುಟ್ಟಿ ತುಂಬಿ ಗಟ್ಟಿಯಾಗಲು ಬಿಡಿ, ಅದರ ನಡುವೆ ಮತ್ತೆ ಕೊರೆದು ಬೋಲ್ಟ್ ಹಾಕಿ. ಮಳೆಗಾಲಕ್ಕೆ ಮುಂಚೆ ಒಮ್ಮೆ ಸುತ್ತಿಗೆಯ ಹಿಡಿಯಿಂದ ಇಡೀ ಡೆಕ್ಕನ್ನು ತಟ್ಟಿ ನೋಡಿ, ಸದ್ದು ಕುಗ್ಗಿದಲ್ಲಿ ಮೇಲೆ ಪದರ ಹಾಕಿಸದೆ ಬಿಚ್ಚಿಸಿ. ಮತ್ತು ತೇಯಲು ಬರುವ ಹುಡುಗರಿಗೆ ಬೈರಾಸ ಸಾಕೆನ್ನಬೇಡಿ, ಧೂಳು ತಡೆಯುವ ಒಳ್ಳೆಯ ಮಾಸ್ಕನ್ನೂ ಕಣ್ಣಿಗೆ ಕನ್ನಡಕವನ್ನೂ ತಂದುಕೊಡಿ. ಅದರ ಬೆಲೆಯನ್ನು ರೆಸಿನ್ನಿನ ಬೆಲೆಯ ಜೊತೆಯಲ್ಲೇ ದೋಣಿಯ ಖರ್ಚಿಗೆ ಬರೆಯಿರಿ.